ಕೆರೆಯಿಂದ ಮೇಲೆ ಬಾರದ ಬಾತುಕೋಳಿ

ಮಗು ಪಿಟೀಲು ಮುಟ್ಟುವ ಮೊದಲು ಅದರ ಅಪ್ಪನೋ ಅಮ್ಮನೋ ಪಿಟೀಲು ಕಲಿಯಬೇಕು. ಆ ಶಾಲೆಯ ಸಂಗೀತದ ಕೋಣೆಯಲ್ಲಿದ್ದ ನಿಯಮ ಇದೊಂದೇ. ಬೇರೆ ಶಾಲೆಗಳ ನೂರು ನಿಯಮಗಳನ್ನು ಒಟ್ಟು ಹಾಕಿದರೂ ಇದು ಅಳಿಸಿದಷ್ಟು ದೊಡ್ಡವರನ್ನು ಅಳಿಸಿರಲಾರವು.

ನಿಯಮ ಮಾಡಿದವರು ಪಿಟೀಲು ಮೇಷ್ಟ್ರು. ಕಡ್ಡಿಯಂಥ ಮನುಷ್ಯ, ಮಾತು ಮೆತ್ತಗೆ, ಕಿವಿ ಮಾತ್ರ ಬಲು ಚುರುಕು. ಮೂರನೇ ಕ್ಲಾಸಿನ ಮಕ್ಕಳ ಮನೆಯವರನ್ನೆಲ್ಲ ಮೊದಲ ದಿನವೇ ಕೂರಿಸಿಕೊಂಡು ಅವರು ವಿಷಯ ಬಿಡಿಸಿ ಹೇಳಿದ್ದರು.

"ನೋಡಿ, ಮಗು ಪಿಟೀಲು ಹಿಡಿದ ಹೊಸದರಲ್ಲಿ ಬರೋ ಸದ್ದನ್ನ ಸಂಗೀತ ಅನ್ನೋಕಾಗಲ್ಲ. ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದ ಹಾಗಿರತ್ತೆ. ನೀವು ‘ಸಾಕು ನಿಲ್ಸಪ್ಪಾ’ ಅಂತೀರ. ಮಗು ನಿಲ್ಸಿಬಿಡತ್ತೆ. ಆಮೇಲೆ ಈ ಜನ್ಮದಲ್ಲಿ ಮುಟ್ಟಲ್ಲ. ಅದಕ್ಕೇ ಮೊದಲು ನೀವು ಆ ಸದ್ದು ಮಾಡಿ. ನೀವೇ ಮಾಡಿದ ಮೇಲೆ ಮಗೂನ ಬಯ್ಯೋಕೆ ನಿಮಗೆ ಬಾಯಿ ಬರಲ್ಲ."

ಎಲ್ಲರೂ ತಲೆಯಾಡಿಸಿದ್ದರು. ಹಲ್ಲಿನ ಡಾಕ್ಟರಮ್ಮನೂ ಆಡಿಸಿದ್ದಳು. ನಿಜ ಹೇಳಬೇಕೆಂದರೆ ಅವಳು ಆಡಿಸಿದ್ದಲ್ಲ, ತಾನಾಗಿಯೇ ಆಡಿದ್ದು. ಬೆಳಗಿನಿಂದ ಬಗ್ಗಿ ಬಗ್ಗಿ ಕಂಡವರ ಬಾಯಿ ನೋಡಿದ್ದವಳು, ಮೂರನೇ ಕ್ಲಾಸಿನ ಮಕ್ಕಳ ಪುಟಾಣಿ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತೇ ತೂಕಡಿಸುತ್ತಿದ್ದಳು. ಮೇಷ್ಟ್ರು ಅದನ್ನು ಒಪ್ಪಿಗೆ ಎಂದುಕೊಂಡರು. ಮಗಳಂತೂ ಕುಣಿದಾಡಿಬಿಟ್ಟಳು. ಗಂಡನನ್ನು ಮುಂದೆ ತಳ್ಳೋಣವೆಂದರೆ ಅವನು ರೈಲು ಓಡಿಸುವವನು. ಮನೆಯಲ್ಲಿರುವ ದಿನಗಳಿಗಿಂತ ಹಳಿಯ ಮೇಲಿರುವ ದಿನಗಳೇ ಹೆಚ್ಚು. ಪಿಟೀಲಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಅವನಿಗೆ ಡ್ಯೂಟಿ ಇನ್ನೂ ಹೆಚ್ಚಾಯಿತು.

ಮಗಳಿಗೆ ಮನೆಯಲ್ಲಿ ‘ಮೆಣಸು’ ಎಂದು ಹೆಸರು. ಆಳು ಕಾಳಿನಷ್ಟಿದ್ದರೂ ಕಡಿದರೆ ಕಣ್ಣಲ್ಲಿ ನೀರು ಬರಿಸುವ ಜಾತಿ. ಅಮ್ಮ ಕಲಿತು ಮುಗಿಸುವ ತನಕ ಎಲ್ಲ ಮಕ್ಕಳ ಹಾಗೆ ಅವಳಿಗೂ ರಟ್ಟಿನ ಪಿಟೀಲು. ಅಮ್ಮನ ಕ್ಲಿನಿಕ್ಕಿನ ಕೈಗವಸಿನ ಖಾಲಿ ಡಬ್ಬಕ್ಕೆ ಅಡಿಪಟ್ಟಿ ಅಂಟಿಸಿದರೆ ಅದೇ ಪಿಟೀಲು, ಮರದ ಸೌಟಿನ ಹಿಡಿಯೇ ಕಮಾನು. ಸದ್ದಿಲ್ಲ, ಸುದ್ದಿಯಿಲ್ಲ. ಆದರೆ ಆ ಡಬ್ಬವನ್ನು ಗಲ್ಲದ ಕೆಳಗಿಟ್ಟು, ಮಣಿಕಟ್ಟು ಮಡಿಸಿ, ಸೌಟನ್ನು ಅತ್ತ ಇತ್ತ ಎಳೆಯುವಾಗ ಅವಳ ನಿಲುವು ನೋಡಬೇಕು! ಮೇಷ್ಟ್ರೇ ಒಂದು ದಿನ, "ಇಡೀ ಕ್ಲಾಸಲ್ಲಿ ತಪ್ಪಿಲ್ಲದೆ ನುಡಿಸೋಳು ಇವಳೊಬ್ಬಳೇ," ಎಂದು ಮೆಚ್ಚಿಕೊಂಡಿದ್ದರು.

ಸಂಗೀತದ ಕೋಣೆಯ ಗೋಡೆಯ ಮೇಲೆ ಮೊಳೆ ಹೊಡೆದು ಸಾಲಾಗಿ ಪುಟ್ಟ ಪಿಟೀಲುಗಳನ್ನು ನೇತುಹಾಕಿದ್ದರು. ಒಂದೊಂದರ ಕತ್ತಿಗೂ ಒಂದೊಂದು ಮಗುವಿನ ಹೆಸರಿನ ಚೀಟಿ. ಮನೆಯವರು ಪಾಸಾದ ದಿನ ಮೇಷ್ಟ್ರು ಆ ಪಿಟೀಲನ್ನು ಇಳಿಸಿ ಮಗುವಿನ ಕೈಗೆ ಕೊಡುತ್ತಿದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಗೋಡೆಯೆಲ್ಲ ಖಾಲಿಯಾಗಿ, ತುದಿಯ ಮೊಳೆಯಲ್ಲಿ ಒಂದೇ ಒಂದು ಪಿಟೀಲು ಉಳಿದಿತ್ತು. ಎಲ್ಲಕ್ಕಿಂತ ಚಿಕ್ಕದು. ಅದು ಮೆಣಸಿನದು.

ಅವಳು ದಿನಾ ಅದರ ಕೆಳಗೆ ಕುರ್ಚಿ ಎಳೆದುಕೊಂಡು, ಹತ್ತಿ ನಿಂತು, ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದಳು.

"ಮುಟ್ಟಬಾರದು," ಎನ್ನುತ್ತಿದ್ದರು ಮೇಷ್ಟ್ರು.

"ಮುಟ್ತಿಲ್ಲ ಸಾರ್. ಉಸಿರು ಬಿಡ್ತಿದೀನಿ ಅಷ್ಟೆ."

*

ಡಾಕ್ಟರಮ್ಮ ಪ್ರಯತ್ನ ಪಡಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕ್ಲಿನಿಕ್ಕಿನ ಒಳಕೋಣೆಯ ಬಾಗಿಲು ಹಾಕಿಕೊಂಡು, ಶಾಲೆಯಿಂದ ಎರವಲು ತಂದ ದೊಡ್ಡ ಪಿಟೀಲನ್ನು ಹೆಗಲಿಗೇರಿಸಿ, ಕಮಾನಿಗೆ ರಾಳ ತಿಕ್ಕಿ ಅಭ್ಯಾಸಕ್ಕೆ ನಿಲ್ಲುತ್ತಿದ್ದಳು. ಹಲ್ಲಿನ ಬೇರಿನೊಳಗೆ ಕೂದಲೆಳೆಯಂಥ ಸೂಜಿ ಇಳಿಸಿದರೂ ನಡುಗದ ಕೈ, ಕಮಾನು ಹಿಡಿದರೆ ಚಳಿ ಬಂದಂತೆ ನಡುಗುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳಿಗೆ ಒಳಗೆ ನಡೆಯುತ್ತಿರುವುದು ಸಂಗೀತಾಭ್ಯಾಸ ಎಂದು ಹೇಗೆ ಗೊತ್ತಾಗಬೇಕು?

ಒಂದು ದಿನ ಕ್ಲಿನಿಕ್ಕಿನ ಸಹಾಯಕಿ ಬಾಗಿಲು ತಳ್ಳಿಕೊಂಡು ಬಂದಳು. ಸೊಂಟದ ಮೇಲೆ ಕೈ.

"ಡಾಕ್ಟ್ರಮ್ಮ, ಇನ್ನೂ ಇಬ್ಬರು ಎದ್ದು ಹೋದ್ರು."

"ಯಾಕೆ?"

"ಯಾಕೆ ಅಂತ ನನ್ನ ಕೇಳ್ತೀರಾ? ಕೆನ್ನೆ ಊದಿಸ್ಕೊಂಡು ಬಂದಿದ್ರಲ್ಲ ಅಜ್ಜ, ‘ಒಳಗೆ ಯಾರಿಗಮ್ಮಾ ಹಲ್ಲು ಕೀಳ್ತಿದಾರೆ, ಮರಗಟ್ಟೋ ಇಂಜೆಕ್ಷನ್ ಕೊಡೋದಿಲ್ವಾ’ ಅಂತ ಕೇಳಿದ್ರು. ಯಾರಿಗೂ ಕೀಳ್ತಿಲ್ಲ, ಡಾಕ್ಟ್ರು ಒಬ್ಬರೇ ಇದಾರೆ ಅಂದೆ. ಆಗಂತೂ ಚಪ್ಪಲೀನೂ ಬಿಟ್ಟು ಓಡಿದ್ರು."

"ಇನ್ನೊಬ್ಬರು?"

"ನೋವು ವಾಸಿಯಾಯ್ತಂತೆ."

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಪಿಟೀಲನ್ನು ಹಲ್ಲಿನ ಕುರ್ಚಿಯ ಮೇಲೆ ಮಲಗಿಸಿದಳು. ಮೇಲಿನ ದೀಪದ ಬೆಳಕಿನಲ್ಲಿ ಅದೂ ಬಾಯಿ ತೆರೆದು ಕಾಯುತ್ತಿರುವ ರೋಗಿಯಂತೆಯೇ ಕಾಣುತ್ತಿತ್ತು.

"ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರ್ದು," ಎಂದಳು ಸಹಾಯಕಿ.

"ಹೇಳು."

"ಅದು ಮುಗಿಯೋದೇ ಇಲ್ವಲ್ಲ? ನಿಮ್ಮ ಹಾಡು. ನಾನು ಊಟ ಮುಗಿಸಿ, ಡಬ್ಬಿ ತೊಳೆದು, ಟ್ರೇ ಎಲ್ಲ ಒರೆಸಿ ಇಟ್ಟೆ. ಇನ್ನೂ ಅದೇ ಜಾಗದಲ್ಲೇ ಇದೆ."

ರೋಗ ಇದ್ದದ್ದು ಅಲ್ಲಿಯೇ.

ಮೇಷ್ಟ್ರ ಪರೀಕ್ಷೆಗೆ ನುಡಿಸಬೇಕಾದ ಹಾಡು ಬಹಳ ಸರಳ. ಅವರೇ ಮಕ್ಕಳಿಗಾಗಿ ಕಟ್ಟಿದ್ದು, ನಾಲ್ಕೇ ಸಾಲು:

ಬಾತುಕೋಳಿ ಕೆರೆಗಿಳಿಯಿತು,
ಮೂತಿ ಮುಳುಗಿಸಿತು,
ಬಾತುಕೋಳಿ ಈಜಾಡಿತು,
ದಡಕೆ ಹತ್ತಿತು.

ಮೊದಲ ಸಾಲಿಗೂ ಮೂರನೆಯ ಸಾಲಿಗೂ ರಾಗ ಒಂದೇ. ಮೊದಲ ಸಾಲು ಮುಗಿಸಿದವರು ಎರಡಕ್ಕೆ ಹೋಗಬೇಕು, ಮೂರನೆಯದನ್ನು ಮುಗಿಸಿದವರು ನಾಲ್ಕಕ್ಕೆ. ಡಾಕ್ಟರಮ್ಮನ ಬೆರಳುಗಳಿಗೆ ಈ ಭೇದವೇ ಇಲ್ಲ. ಮೂರನೆಯ ಸಾಲು ಮುಗಿಯುತ್ತಲೇ ಅವು ದನ ಹಟ್ಟಿಗೆ ನುಗ್ಗಿದಂತೆ ಎರಡನೆಯ ಸಾಲಿಗೆ ನುಗ್ಗಿಬಿಡುತ್ತಿದ್ದವು. ಎರಡಾದ ಮೇಲೆ ಮೂರು, ಮೂರಾದ ಮೇಲೆ ಮತ್ತೆ ಎರಡು. ಬಾತುಕೋಳಿ ಈಜಾಡುತ್ತಿತ್ತು, ಮೂತಿ ಮುಳುಗಿಸುತ್ತಿತ್ತು, ಈಜಾಡುತ್ತಿತ್ತು, ಮೂತಿ ಮುಳುಗಿಸುತ್ತಿತ್ತು. ಮೇಲೆ ಹತ್ತುವ ಮಾತೇ ಇಲ್ಲ.

"ನಿಂತುಬಿಟ್ಟು, ಯೋಚನೆ ಮಾಡಿ, ನಾಲ್ಕನೇ ಸಾಲು ಶುರು ಮಾಡಬಹುದಲ್ಲ?" ಎಂದು ಯಾರಿಗಾದರೂ ಅನ್ನಿಸೀತು. ಅನ್ನಿಸಬಾರದು. ಮೇಷ್ಟ್ರ ಪರೀಕ್ಷೆಯಲ್ಲಿ ತಪ್ಪು ಮಾಡಬಹುದು, ಅಪಸ್ವರ ಬರಬಹುದು, ಕಮಾನು ಮೂಗಿಗೆ ತಾಗಬಹುದು. ನಿಲ್ಲುವಂತಿಲ್ಲ. ನಿಂತರೆ ಫೇಲು.

*

ಮನೆಯಲ್ಲಿ ಮೆಣಸೇ ಮೇಷ್ಟ್ರು.

ಡಾಕ್ಟರಮ್ಮ ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಸೌಟು ಹಿಡಿದು ನಿಂತಿರುತ್ತಿದ್ದಳು.

"ಅಮ್ಮಾ, ಇವತ್ತು ಅಭ್ಯಾಸ ಮಾಡಿದ್ಯಾ?"

"ಮಾಡ್ದೆ ಕಣೆ. ಸ್ವಲ್ಪ."

"ಸ್ವಲ್ಪ ಅಂದ್ರೆ? ಕೈ ತೋರ್ಸು." ಎಡಗೈ ಬೆರಳ ತುದಿಯಲ್ಲಿ ತಂತಿಯ ಗೀರು ಎಷ್ಟು ಆಳವಾಗಿದೆ ಎಂದು ಬೆಳಕಿಗೆ ಹಿಡಿದು ನೋಡುವಳು. "ಇದು ಮಾಡಿರೋ ಕೈಯಾ? ನಂಗೆ ಸುಳ್ಳು ಹೇಳ್ಬೇಡ."

"ಮೊದಲು ಒಂದು ಲೋಟ ನೀರು ಕುಡೀತೀನಿ, ಬಿಡೆ ತಾಯಿ."

"ನೀರು ಕುಡಿಯೋಕೆ ಟೈಮಿದೆ. ಪಿಟೀಲಿಗೆ ಟೈಮಿಲ್ಲ."

ಮಾತು ಎಲ್ಲೋ ಕೇಳಿದಂತಿದೆಯಲ್ಲ ಎಂದು ಡಾಕ್ಟರಮ್ಮ ಯೋಚಿಸಿದಳು. ಮಗಳ ಮಗ್ಗಿ ಪುಸ್ತಕದ ಎದುರು ಕೂತು ತಾನೇ ಆಡಿದ್ದು.

ಪಿಟೀಲಿನ ಪೆಟ್ಟಿಗೆ ತೆರೆಯುವ ಸದ್ದು ಕೇಳಿದ ಕೂಡಲೇ ಅತ್ತೆ ಕಿವಿಯ ಮೆಷಿನ್ನನ್ನು ಕಿತ್ತು ಸಕ್ಕರೆ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದರು. ಆಮೇಲೆ ಸೊಸೆಯ ಮುಖ ನೋಡಿ ತುಂಬು ಪ್ರೀತಿಯಿಂದ, "ಎಷ್ಟು ಚೆನ್ನಾಗಿ ನುಡಿಸ್ತೀಯಮ್ಮ," ಎನ್ನುತ್ತಿದ್ದರು.

"ಮೊಣಕೈ!" ಎಂದು ಮೆಣಸು ಕೂಗುವಳು. "ಅಮ್ಮಾ, ನಾಲ್ಕನೇ ಸಾಲು ಪಕ್ಕದ ದಪ್ಪ ತಂತೀಲಿ ಶುರು ಆಗತ್ತೆ. ಮೊಣಕೈ ಎತ್ತಿದ್ರೆ ಕಮಾನು ತಾನೇ ಅಲ್ಲಿಗೆ ಹೋಗತ್ತೆ. ನೀನು ಎತ್ತಲ್ಲ. ಅದಕ್ಕೇ ಅದು ವಾಪಸ್ ಹೋಗತ್ತೆ."

"ಎತ್ತಬೇಕು ಅಂತ ನೆನಪಾಗೋಷ್ಟರಲ್ಲಿ ಬಾತುಕೋಳಿ ಮುಳುಗಿರತ್ತೆ ಕಣೆ."

"ಹಿಂಗೇ ನೀರಲ್ಲಿ ಇದ್ರೆ ಅದಕ್ಕೆ ನೆಗಡಿ ಆಗತ್ತೆ."

"ಬಾತುಕೋಳಿಗೆ ನೆಗಡಿ ಆಗಲ್ಲ."

"ನಿನ್ನ ಬಾತುಕೋಳಿಗೆ ಆಗತ್ತೆ."

ಒಂದು ಸೋಮವಾರ ಮೆಣಸು ಶಾಲೆಯಿಂದ ಬಂದವಳು ಬಾಗಿಲಲ್ಲಿ ನಿಲ್ಲಲಿಲ್ಲ. ಡಾಕ್ಟರಮ್ಮ ಹುಡುಕಿದರೆ ಊಟದ ಮೇಜಿನ ಕೆಳಗೆ ರಟ್ಟಿನ ಡಬ್ಬ ತಬ್ಬಿಕೊಂಡು ಕೂತಿದ್ದಳು.

"ಏನಾಯ್ತು ಪುಟ್ಟಾ?"

"ಬಿ ಸೆಕ್ಷನ್‌ನಲ್ಲಿ ಒಂದು ಹೊಸ ಹುಡುಗಿ ಬಂದಿದಾಳೆ. ಅವಳೂ ಕುಳ್ಳಿ. ಅವರಪ್ಪ ಪಾಸಾಗಿಬಿಟ್ರು. ಅವಳ ಅಳತೆ ಪಿಟೀಲು ಬೇರೆ ಇಲ್ಲ." ಮೂಗು ಒರೆಸಿಕೊಂಡಳು. "ಶುಕ್ರವಾರ ನೀನು ನುಡಿಸ್ದಿದ್ರೆ ನಂದನ್ನ ಅವಳಿಗೆ ಕೊಟ್ಬಿಡ್ತಾರಂತೆ. ಮುಂದಿನ ವರ್ಷದ ತನಕ ನಂಗೆ ಡಬ್ಬಾನೇ."

ಅಳುವಾಗಲೂ ಜಗಳವಾಡುವ ಮಗಳು ಜಗಳವಿಲ್ಲದೆ ಅತ್ತದ್ದನ್ನು ಡಾಕ್ಟರಮ್ಮ ಅದೇ ಮೊದಲು ನೋಡಿದ್ದು. ತಾನೂ ಬಗ್ಗಿ ಮೇಜಿನ ಕೆಳಗೆ ತೂರಿಕೊಂಡಳು.

"ಅವರಪ್ಪ ಏನು ಕೆಲಸ ಮಾಡ್ತಾರೆ?"

"ಗೊತ್ತಿಲ್ಲ. ಮನೇಲೇ ಇರ್ತಾರಂತೆ."

"ಹಂಗೆ ಹೇಳು ಮತ್ತೆ!" ಎಂದಳು ಡಾಕ್ಟರಮ್ಮ ಹೊಟ್ಟೆಕಿಚ್ಚಿನಿಂದ. ಆಮೇಲೆ ನಾಲಿಗೆ ಕಚ್ಚಿಕೊಂಡು, "ನುಡಿಸ್ತೀನಿ ಕಣೆ. ಶುಕ್ರವಾರ ಬಾತುಕೋಳೀನ ದಡಕ್ಕೆ ಹತ್ತಿಸ್ತೀನಿ. ಬೇಕಾದ್ರೆ ಕುತ್ತಿಗೆ ಹಿಡಿದು ಎಳ್ಕೊಂಡು ಬರ್ತೀನಿ," ಎಂದಳು.

*

ಶುಕ್ರವಾರ ಡಾಕ್ಟರಮ್ಮ ಕ್ಲಿನಿಕ್ಕಿನಿಂದ ನೇರವಾಗಿ ಓಡಿಬಂದಳು. ಗಲ್ಲದ ಕೆಳಗೆ ಜಾರಿದ ಮುಖಗವಸು, ಹಣೆಯ ಮೇಲೆ ಆರಿಸಲು ಮರೆತ ಪುಟ್ಟ ದೀಪ. ಅವಳು ಯಾರ ಕಡೆ ತಿರುಗಿದರೆ ಅವರ ಮುಖದ ಮೇಲೆ ಬೆಳಕು ಬೀಳುತ್ತಿತ್ತು. ಬಿದ್ದವರು ತಮಗರಿವಿಲ್ಲದೆ ಬಾಯಿ ತೆರೆಯುತ್ತಿದ್ದರು.

ಸಂಗೀತದ ಕೋಣೆ ತುಂಬಿತ್ತು. ಮಕ್ಕಳೆಲ್ಲ ಚಾಪೆಯ ಮೇಲೆ, ಪಾಸಾದ ಮನೆಯವರೆಲ್ಲ ಪುಟಾಣಿ ಕುರ್ಚಿಗಳ ಮೇಲೆ. ಪಾಸಾದವರಿಗೆ ಬರುವ ಅಗತ್ಯವೇನೂ ಇರಲಿಲ್ಲ. ಆದರೆ ಡಾಕ್ಟರಮ್ಮನ ಬಾತುಕೋಳಿಯ ಖ್ಯಾತಿ ಆಗಲೇ ಊರೆಲ್ಲ ಹಬ್ಬಿತ್ತು. ಹಿಂದಿನ ಸಾಲಿನಲ್ಲಿ ಹೊಸ ಹುಡುಗಿಯ ಅಪ್ಪ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾದಿದ್ದ. ಪಾಪ, ಅವನ ಮುಖದಲ್ಲೂ ಸಂಕೋಚವೇ ಇತ್ತು.

ಮುಂದಿನ ಕುರ್ಚಿಯಲ್ಲಿ ಟ್ರಾಫಿಕ್ ಪೊಲೀಸಪ್ಪ. ಮಗನಿಗಾಗಿ ಹೋದ ವಾರವಷ್ಟೇ ಪಾಸಾಗಿದ್ದ. ಕೈಯನ್ನು ಕಂಬದಂತೆ ನೆಟ್ಟಗೆ ಚಾಚಿಯೇ ಇಡೀ ಹಾಡು ನುಡಿಸಿದ ಮಹಾನುಭಾವ.

"ಡಾಕ್ಟ್ರೇ, ಹೆದರ್ಬೇಡಿ," ಎಂದು ಪಿಸುಗುಟ್ಟಿದ. "ನೀವು ಸರ್ಕಲ್‌ನಲ್ಲಿ ಸಿಕ್ಕಾಕೊಂಡಿದೀರ, ಅಷ್ಟೇ. ಎರಡನೇ ಸುತ್ತಿಗೆ ಹೊರಗೆ ಬಂದ್ಬಿಡಿ. ನಾನು ಸಿಗ್ನಲ್ ಕೊಡ್ತೀನಿ."

"ಯಾರೂ ಬಾಯಲ್ಲಿ ಹೇಳಿಕೊಡಬಾರದು," ಎಂದರು ಮೇಷ್ಟ್ರು, ಮೆತ್ತಗೆ, ಆದರೆ ಮೂಲೆಮೂಲೆಗೂ ಕೇಳುವಂತೆ. "ಕೈಸನ್ನೆಯೂ ಇಲ್ಲ. ಕೈಯಿಂದ ಮುಟ್ಟೋದೂ ಇಲ್ಲ. ಡಾಕ್ಟ್ರೇ, ಶುರು ಮಾಡಿ. ಏನಾದ್ರೂ ಆಗಲಿ, ನಿಲ್ಲಿಸ್ಬೇಡಿ."

ಪೊಲೀಸಪ್ಪ ಎತ್ತಿದ್ದ ಕೈಯನ್ನು ಇಳಿಸಿ ಮೀಸೆ ನೇವರಿಸಿಕೊಂಡ.

ಡಾಕ್ಟರಮ್ಮ ಕಮಾನು ಎಳೆದಳು. ಬಾತುಕೋಳಿ ಕೆರೆಗಿಳಿಯಿತು. ಚೆನ್ನಾಗಿಯೇ ಇಳಿಯಿತು. ಮೂತಿ ಮುಳುಗಿಸಿತು. ಈಜಾಡಿತು. ಕೋಣೆಯ ಅಷ್ಟೂ ಜನ ಉಸಿರು ಬಿಗಿ ಹಿಡಿದರು. ಮೂರನೆಯ ಸಾಲಿನ ಕೊನೆಯ ಸ್ವರ ಬಂತು, ಕಮಾನು ಒಂದು ಕ್ಷಣ ತಡವರಿಸಿತು.

ಮೂತಿ ಮುಳುಗಿಸಿತು.

"ಅಯ್ಯೋ!" ಎಂದಿತು ಕೋಣೆ.

ಹೋಗಲಿ, ಮುಂದಿನ ಸಲ ಎಂದುಕೊಂಡಳು ಡಾಕ್ಟರಮ್ಮ. ಮುಂದಿನ ಸಲವೂ ಮುಳುಗಿತು. ಅದರ ಮುಂದಿನ ಸಲ ಅವಳು ‘ಮೊಣಕೈ, ಮೊಣಕೈ’ ಎಂದು ಮನಸ್ಸಿನಲ್ಲೇ ಜಪಿಸಿ, ಮೊಣಕೈಯ ಬದಲು ಹುಬ್ಬನ್ನು ಎತ್ತಿದಳು. ಹಣೆಯ ದೀಪ ಸೂರಿಗೆ ಬೆಳಕು ಚೆಲ್ಲಿತು. ಬಾತುಕೋಳಿ ತಳ ಸೇರಿತು.

ಮೊದಮೊದಲು ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಬಾಯಿ ಬಿಟ್ಟೇ ನಕ್ಕರು. ಆಮೇಲೆ ನಗುವೂ ಹಳತಾಗಿ, ಪ್ರತಿ ಸಲ ಮೂತಿ ಮುಳುಗುವಾಗ ಎಲ್ಲರೂ ಒಟ್ಟಿಗೆ ತಲೆ ಬಗ್ಗಿಸಿ ಎತ್ತತೊಡಗಿದರು. ಬೇಕರಿಯಾಕೆ, ಒಬ್ಬ ಹುಡುಗನ ಅಮ್ಮ, ಕೈಚೀಲದಿಂದ ಬಿಸ್ಕತ್ತು ತೆಗೆದು ಅಕ್ಕಪಕ್ಕದವರಿಗೆ ಹಂಚಿದಳು. ಶಾಲೆ ಬಿಡುವ ಗಂಟೆ ಬಾರಿಸಿತು. ಒಬ್ಬರೂ ಏಳಲಿಲ್ಲ. ಹೆಡ್‌ಮಿಸ್ಸು ಬಾಗಿಲಲ್ಲಿ ತಲೆ ಹಾಕಿ, "ಏನು ಮೇಷ್ಟ್ರೇ, ಪಿಟೀಲು ಕೆಟ್ಟುಹೋಗಿದ್ಯಾ?" ಎಂದು ಕೇಳಿದರು.

"ಇಲ್ಲ ಮೇಡಂ. ಪರೀಕ್ಷೆ ನಡೀತಿದೆ."

"ಯಾವಾಗ ಮುಗಿಯತ್ತೆ?"

"ಅದು ಬಾತುಕೋಳಿ ಕೈಲಿದೆ."

ಡಾಕ್ಟರಮ್ಮನಿಗೆ ಇವು ಯಾವುವೂ ಕೇಳಿಸುತ್ತಿರಲಿಲ್ಲ. ಹೆಗಲು ಬೆಂಕಿಯಾಗಿತ್ತು, ಕತ್ತು ಹಿಡಿದುಕೊಂಡಿತ್ತು, ಬೆರಳಿನ ತುದಿಗಳು ಸತ್ತೇಹೋಗಿದ್ದವು. ನಿಲ್ಲಿಸಿಬಿಡಲೇ ಎಂದು ಒಮ್ಮೆ ಅನ್ನಿಸಿತು. ನಿಲ್ಲಿಸಿದರೆ ನೀರು ಕುಡಿಯಬಹುದು, ಮನೆಗೆ ಹೋಗಬಹುದು, ಮಲಗಬಹುದು. ಓರೆಗಣ್ಣಿನಲ್ಲಿ ನೋಡಿದರೆ ತುದಿಯ ಮೊಳೆಯ ಕೆಳಗೆ ಮೆಣಸು ನಿಂತಿದ್ದಳು. ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ರಟ್ಟಿನ ಡಬ್ಬ ಗಲ್ಲದ ಕೆಳಗಿಟ್ಟು, ಸೌಟಿನ ಹಿಡಿಯಿಂದ ಅಮ್ಮನ ಜೊತೆಜೊತೆಗೇ ನುಡಿಸುತ್ತಿದ್ದಳು. ಅಮ್ಮ ಮುಳುಗಿದಾಗ ಅವಳೂ ವಾಪಸ್ಸು ಬಂದು ಮುಳುಗುತ್ತಿದ್ದಳು, ಅಮ್ಮನೊಬ್ಬಳನ್ನೇ ನೀರಿನಲ್ಲಿ ಬಿಟ್ಟು ಬರುವ ಮನಸ್ಸಿಲ್ಲದವಳ ಹಾಗೆ.

ಡಾಕ್ಟರಮ್ಮ ಹಲ್ಲು ಕಚ್ಚಿ ಇನ್ನೊಂದು ಸುತ್ತು ಹೊರಟಳು.

ಆಗ ಮೆಣಸು ಡಬ್ಬವನ್ನು ನೆಲಕ್ಕಿಟ್ಟಳು. ಸೌಟನ್ನೂ ಇಟ್ಟಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುಟಿಗಳನ್ನು ಬಿಗಿದು ಮುಚ್ಚಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಅಮ್ಮನ ಬಲಗಡೆಗೆ ಬಂದು ನಿಂತಳು. ಅವಳ ನೆತ್ತಿ ಸರಿಯಾಗಿ ಅಮ್ಮನ ಮೊಣಕೈ ಕೆಳಗೆ ಬರುತ್ತಿತ್ತು. ಬಾತುಕೋಳಿ ಈಜಾಡಿತು. ಮೂರನೆಯ ಸಾಲಿನ ಕೊನೆಯ ಸ್ವರ ಬಂತು. ಮೆಣಸು ತುದಿಗಾಲ ಮೇಲೆ ನಿಂತು, ಟಗರಿನ ಹಾಗೆ, ತಲೆಯಿಂದ ಅಮ್ಮನ ಮೊಣಕೈಯನ್ನು ಮೇಲಕ್ಕೆ ದೂಡಿದಳು.

ಕಮಾನು ಹಾರಿ ಪಕ್ಕದ ದಪ್ಪ ತಂತಿಯ ಮೇಲೆ ಬಿತ್ತು. ಎಂದೂ ಕೇಳದ ಸ್ವರವೊಂದು ಹೊರಟಿತು. ಡಾಕ್ಟರಮ್ಮನ ಬೆರಳುಗಳು ಗಾಬರಿಯಾಗಿ, ಹಿಂದಕ್ಕೆ ಹೋಗುವ ದಾರಿ ಕಾಣದೆ, ಕಂಡ ಒಂದೇ ದಾರಿಯಲ್ಲಿ ಓಡಿದವು.

ದಡಕೆ ಹತ್ತಿತು.

ಕೊನೆಯ ಸ್ವರ ಗಾಳಿಯಲ್ಲಿ ನಡುಗಿ ನಿಂತಿತು. ಎಲ್ಲರಿಗಿಂತ ಹೆಚ್ಚು ಬೆರಗಾದವಳು ಡಾಕ್ಟರಮ್ಮನೇ. ಮುಗಿದರೆ ಏನು ಮಾಡಬೇಕೆಂದು ಅವಳು ಯೋಚಿಸಿರಲೇ ಇಲ್ಲ. ಕಮಾನನ್ನು ಮೇಲೆತ್ತಿ ಹಿಡಿದುಕೊಂಡು ಹಾಗೆಯೇ ನಿಂತಳು.

ಮರುಗಳಿಗೆಯೇ ಕೋಣೆ ಹಾರಿಹೋಗುವಂತೆ ಗದ್ದಲ. ಬೇಕರಿಯಾಕೆ ಬಿಸ್ಕತ್ತಿನ ಪೊಟ್ಟಣವನ್ನೇ ಮೇಲಕ್ಕೆ ಎಸೆದಳು. ಪೊಲೀಸಪ್ಪ ಜೇಬಿನಿಂದ ಸೀಟಿ ತೆಗೆದು ಊದಿಯೇಬಿಟ್ಟ. ಆದರೆ ಅವನ ಮಗ ಚಾಪೆಯ ಮೇಲೆ ಎದ್ದು ನಿಂತು ಬೆರಳು ತೋರಿಸಿದ.

"ಮೋಸ ಸಾರ್! ಅವಳು ಹೇಳ್ಕೊಟ್ಟಳು!"

"ನಾನು ಬಾಯಿ ಬಿಟ್ಟೇ ಇಲ್ಲ," ಎಂದಳು ಮೆಣಸು.

"ಮುಟ್ಟಿದಳು ಸಾರ್!"

"ಕೈ ಎಲ್ಲಿತ್ತು? ನೋಡು, ಇನ್ನೂ ಹಿಂದೇನೇ ಇದೆ!" ಎಂದು ಕೈ ಬಿಚ್ಚದೆ ಗಿರ್ರನೆ ತಿರುಗಿ ಬೆನ್ನು ತೋರಿಸಿದಳು.

ಎಲ್ಲರ ಕಣ್ಣೂ ಮೇಷ್ಟ್ರ ಕಡೆ ಹೊರಳಿತು. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಓದಿ ಡಾಕ್ಟರಾಗುವಾಗಲೂ ಯಾವ ಪರೀಕ್ಷೆಗೂ ಡಾಕ್ಟರಮ್ಮ ಇಷ್ಟು ಹೆದರಿರಲಿಲ್ಲ.

"ಬಾಯಲ್ಲಿ ಹೇಳಬಾರದು ಅಂದೆ," ಎಂದರು ಮೇಷ್ಟ್ರು. "ಕೈಸನ್ನೆ ಬೇಡ ಅಂದೆ. ಕೈಯಿಂದ ಮುಟ್ಟಬಾರದು ಅಂದೆ. ತಲೆ ವಿಷಯ ನಾನೇನೂ ಹೇಳಿರಲಿಲ್ಲ."

"ಸಾರ್, ಆದ್ರೂ..." ಎಂದ ಪೊಲೀಸಪ್ಪನ ಮಗ.

"ಇನ್ನೊಂದು ಸಲ ನುಡಿಸಿ ಅಂತ ಕೇಳ್ಲಾ? ಕೂತು ಕೇಳ್ತೀಯಾ?"

ಹುಡುಗ ಯೋಚನೆ ಮಾಡಿದ. "ಬೇಡ ಸಾರ್. ಪಾಸು ಸಾರ್," ಎಂದು ಕೂತುಬಿಟ್ಟ.

ಹಿಂದಿನ ಸಾಲಿನಿಂದ ಹೊಸ ಹುಡುಗಿಯ ಅಪ್ಪ ಎದ್ದು ಬಂದ. "ನಾವು ಕಾಯ್ತೀವಿ ಮೇಷ್ಟ್ರೇ, ಇನ್ನೊಂದು ತರಿಸೋ ತನಕ," ಎಂದ. ಅವನ ಮಗಳು ಮಾತ್ರ ಮೆಣಸಿನ ಕಡೆ ಕೆಂಗಣ್ಣು ಬಿಟ್ಟಳು. ಮೆಣಸು ನೆಲದ ಮೇಲಿದ್ದ ಡಬ್ಬವನ್ನು ಎತ್ತಿ ಅವಳ ಮಡಿಲಿಗಿಟ್ಟು, "ಇದು ತುಂಬ ಒಳ್ಳೇದು. ಶ್ರುತಿ ಕೆಡೋದೇ ಇಲ್ಲ," ಎಂದಳು.

ಮೇಷ್ಟ್ರು ಕುರ್ಚಿ ಹತ್ತಿ ತುದಿಯ ಮೊಳೆಯಿಂದ ಪಿಟೀಲನ್ನು ಇಳಿಸಿದರು. ಬಿರಡೆ ತಿರುವಿ ಶ್ರುತಿ ಕೂಡಿಸಿ, ಕತ್ತಿನ ಚೀಟಿ ಬಿಚ್ಚಿ, ಪುಟ್ಟ ಕಮಾನಿನ ಜೊತೆ ಎರಡೂ ಕೈಯಿಂದ ಕೊಟ್ಟರು. ಮೆಣಸು ಅದನ್ನು ಈಗ ತಾನೇ ಹುಟ್ಟಿದ ಕೂಸಿನಂತೆ ತೆಗೆದುಕೊಂಡಳು. ರಟ್ಟಿನ ಡಬ್ಬದ ಮೇಲೆ ಎರಡು ತಿಂಗಳು ಒಂದು ತಪ್ಪಿಲ್ಲದೆ ನುಡಿಸಿದವಳು. ಅವಳಿಂದ ಜೇನು ಸುರಿಯುತ್ತದೆ ಎಂದು ಎಲ್ಲರೂ ಕಾದರು. ಅವಳೂ ಕಾದಿದ್ದಳು. ನಿಲುವು ಅಚ್ಚುಕಟ್ಟು, ಮಣಿಕಟ್ಟು ಅಚ್ಚುಕಟ್ಟು. ಕಮಾನು ಇಟ್ಟಳು. ಎಳೆದಳು.

ಬಂದ ಸದ್ದು ಎಂಥದೆಂದರೆ, ಕಿಟಕಿಯ ಹೊರಗೆ ಮಲಗಿದ್ದ ನಾಯಿ ಎದ್ದು ಕೂತು ಆಕಾಶ ನೋಡಿ ಊಳಿಟ್ಟಿತು. ಹೆಡ್‌ಮಿಸ್ಸು ಬಾಗಿಲು ಹಿಡಿದುಕೊಂಡರು. ಪೊಲೀಸಪ್ಪನ ಎರಡೂ ಕೈ ತಾವಾಗಿಯೇ ಮೇಲೆದ್ದು ವಾಹನಗಳನ್ನೆಲ್ಲ ನಿಲ್ಲಿಸಿದವು.

ಮೆಣಸಿನ ಕಮಾನು ಗಾಳಿಯಲ್ಲೇ ನಿಂತಿತು. ಕಿವಿಯ ತುದಿ ಕೆಂಪಗಾಯಿತು. ಕಣ್ಣು ತಂತಿಯ ಮೇಲಿಂದ ಕದಲಲಿಲ್ಲ. ತುಟಿ ಮಾತ್ರ ಅಲುಗಿಸಿ, ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದ ಅಮ್ಮನಿಗಷ್ಟೇ ಕೇಳುವಂತೆ ಕೇಳಿದಳು:

"ಅಮ್ಮಾ... ಎಲ್ಲರೂ ನನ್ನೇ ನೋಡ್ತಿದಾರಾ?"

ಡಾಕ್ಟರಮ್ಮ ಸುತ್ತ ಕಣ್ಣಾಡಿಸಿದಳು.

"ಯಾರೂ ನೋಡ್ತಿಲ್ಲ ಕಣೆ. ಎಲ್ಲರೂ ಕಣ್ಣು ಮುಚ್ಕೊಂಡು, ಎರಡೂ ಕಿವೀಗೆ ಬೆರಳಿಟ್ಕೊಂಡಿದಾರೆ. ನೀನು ಎಳಿ."